ಮುಚ್ಚಳಿಕೆಯೂ ಲಿಂಗಸಾಕ್ಷಿಯೂ

ಮಾಡಿದ ತಪ್ಪಿನ ಭಾರವನ್ನು ಮನುಷ್ಯನು ಎಷ್ಟು ಕಾಲ ಹೊರತಕ್ಕದ್ದು? ಅದನ್ನು ಇಳಿಸೆಂದು ಕೇಳುವ ಅಧಿಕಾರವು ಅವನಿಗೆ ಎಂದು ಬರುತ್ತದೆ? ಮೇಲುನೋಟಕ್ಕೆ ಇವು ನ್ಯಾಯಾಲಯದ ಪ್ರಶ್ನೆಗಳಾಗಿ ತೋರಿದರೂ ಇವುಗಳ ಬೇರು ಧರ್ಮದಲ್ಲಿದೆ.

ಗಂಗಾವತಿಯ ಸೀಮೆಯು ತುಂಗಭದ್ರೆಯ ಎಡದಂಡೆ ಕಾಲುವೆಯಿಂದ ಭತ್ತದ ಕಣಜವೆನಿಸಿತು. ನೀರಿನೊಡನೆ ಸಿರಿಯು ಬಂದಂತೆ ನೀರಿನ ಸರದಿಯ ವ್ಯಾಜ್ಯಗಳೂ ಬಂದವು. ಅಂಥದೊಂದು ಜಗಳದಲ್ಲಿ ಕೋಪಕ್ಕೆ ವಶನಾಗಿ ನೆರೆಹೊಲದವನನ್ನು ಹೊಡೆದು ಗಾಯಗೊಳಿಸಿದ ತರುಣನೊಬ್ಬನನ್ನು ಭಾವಿಸಬಹುದು. ಅಪರಾಧವು ಸಿದ್ಧವಾಯಿತು. ಆದರೆ ಅದು ಮೊದಲನೆಯ ತಪ್ಪೆಂದು ಬಗೆದು ನ್ಯಾಯಾಧೀಶರು ಅವನನ್ನು ಸೆರೆಮನೆಗೆ ಕಳುಹಿಸದೆ, ಎರಡು ವರ್ಷಗಳ ಸನ್ನಡತೆಯ ಮುಚ್ಚಳಿಕೆಯನ್ನು ಬರೆಯಿಸಿಕೊಂಡು ಪ್ರೊಬೇಷನ್ ಅಧಿಕಾರಿಯ ಮೇಲ್ವಿಚಾರಣೆಯಲ್ಲಿರಿಸಿದರು. ವರ್ಷವೊಂದು ಕಳೆಯಿತು. ತರುಣನು ಪರಿಹಾರದ ಹಣವನ್ನು ಸಲ್ಲಿಸಿದನು, ಕುಡಿತವನ್ನು ಬಿಟ್ಟನು, ಕಾಯಕದಲ್ಲಿ ನಿಂತನು. ಈಗ ಉಳಿದ ಅವಧಿಯಿಂದ ಬಿಡುಗಡೆಯನ್ನು ಬಯಸುತ್ತಾನೆ. “ಸೆರೆಮನೆ ತಪ್ಪಿದ್ದೇ ಭಾಗ್ಯ, ಇನ್ನೊಂದು ವರ್ಷ ತಾಳಲಾರನೇ?” ಎಂದು ಕೆಲವರು, “ತಿದ್ದಿಕೊಂಡವನನ್ನು ಇನ್ನೂ ಕಟ್ಟಿಡುವುದೇಕೆ?” ಎಂದು ಕೆಲವರು.

1958ರ ಅಪರಾಧಿಗಳ ಪರಿವೀಕ್ಷಣಾ ಕಾಯಿದೆಯು ಇದನ್ನು ಮೊದಲೇ ಆಲೋಚಿಸಿದೆ. ಮುಚ್ಚಳಿಕೆಯ ಅವಧಿಯು 3 ವರ್ಷಗಳನ್ನು ಮೀರುವಂತಿಲ್ಲ. ಅಪರಾಧಿಯ ನಡತೆಯಿಂದಾಗಿ ಮೇಲ್ವಿಚಾರಣೆಯು ಇನ್ನು ಅನಾವಶ್ಯಕವೆಂದು ಮನಗಂಡರೆ ನ್ಯಾಯಾಲಯವು ಅವಧಿಗೆ ಮುನ್ನವೇ ಮುಚ್ಚಳಿಕೆಯನ್ನು ರದ್ದುಪಡಿಸಬಹುದೆಂದು 8ನೆಯ ಕಲಮು ಹೇಳುತ್ತದೆ. ಆದರೆ ಅದಕ್ಕೆ ಅರ್ಜಿಯನ್ನು ಸಲ್ಲಿಸತಕ್ಕವನು ಪ್ರೊಬೇಷನ್ ಅಧಿಕಾರಿಯೇ. ಪರಸ್ಥಳಕ್ಕೆ ದುಡಿಯಲು ಹೋಗುವುದಕ್ಕೆ ವಾಸದ ಕರಾರು ಅಡ್ಡಿಯಾದರೆ, ಆ ಕರಾರನ್ನು ಮಾತ್ರ ಮಾರ್ಪಡಿಸುವುದಕ್ಕೂ ಅದೇ ಕಲಮಿನಲ್ಲಿ ದಾರಿಯಿದೆ. ಆದುದರಿಂದ ಅನುಕೂಲವು ಒಂದು, ಅರ್ಹತೆಯು ಇನ್ನೊಂದು. ಪೂರ್ಣ ಬಿಡುಗಡೆಗೆ ನಡತೆಯೊಂದೇ ಆಧಾರ.

ಇದರಲ್ಲಿ ಸೂಕ್ಷ್ಮವಾದ ಧರ್ಮವಿದೆ. “ನಾನು ಶುದ್ಧನಾದೆ” ಎಂದು ತನ್ನನ್ನು ತಾನೇ ಸಾರಿಕೊಳ್ಳುವ ನುಡಿಯನ್ನು ಶರಣರು ಮನ್ನಿಸಲಿಲ್ಲ. ನಡೆಯೇ ನುಡಿಗೆ ಸಾಕ್ಷಿಯಾಗಬೇಕೆಂದರು. ಕಾಯಿದೆಯೂ ಅಪರಾಧಿಯ ಮಾತನ್ನಲ್ಲ, ಅವನ ನಡೆಯನ್ನು ಕಂಡವನ ಮಾತನ್ನು ಕೇಳುತ್ತದೆ. ಹಾಗೆಂದು ಬಿಡುಗಡೆಯನ್ನು ಬಯಸುವುದೇ ದೋಷವಲ್ಲ. ನೋಡುವವನ ಕಣ್ಣು ತಪ್ಪಲೆಂದು ಬಯಸಿದರೆ ಅದು ಕಳ್ಳತನ. ನೋಡುವವನಿಲ್ಲದೆಯೂ ಹೀಗೆಯೇ ಬಾಳುವೆನೆಂಬ ದೃಢತೆಯಿಂದ ಬಯಸಿದರೆ ಅದು ಪ್ರೌಢತೆ. ಇಷ್ಟಲಿಂಗವನ್ನು ಧರಿಸಿದವನಿಗೆ ಮುಚ್ಚಳಿಕೆಯು ಮುಗಿದರೂ ಸಾಕ್ಷಿಯು ಮುಗಿಯದು. ಅಧಿಕಾರಿಯ ಕಣ್ಣಿಗೆ ಅವಧಿಯುಂಟು, ಎದೆಯ ಮೇಲಣ ಲಿಂಗಕ್ಕೆ ಅವಧಿಯಿಲ್ಲ. ಈ ಒಳಗಣ ಕಟ್ಟು ಬಿಗಿದ ದಿನವೇ ಹೊರಗಣ ಕಟ್ಟು ಅನಾವಶ್ಯಕವಾಗುತ್ತದೆ.

ಪ್ರಶ್ನೆಯ ಇನ್ನೊಂದು ಮುಖವು ಗೃಹಸ್ಥ ಸಮಾಜಕ್ಕೆ ಸೇರಿದುದು. 12ನೆಯ ಶತಮಾನದ ವಚನಕಾರರಲ್ಲಿ ಕನ್ನದ ಮಾರಿತಂದೆಗಳೂ ಒಬ್ಬರು. ಕನ್ನವಿಕ್ಕುವುದು ಅವರ ವೃತ್ತಿಯಾಗಿತ್ತೆಂದು ಪರಂಪರೆಯು ಹೇಳುತ್ತದೆ. ಶರಣರು ಆ ಹೆಸರನ್ನು ಮರೆಮಾಚಲಿಲ್ಲ. ಅದರ ಕಾರಣದಿಂದ ಅವರನ್ನು ದೂರವೂ ಇಡಲಿಲ್ಲ. ನಿನ್ನೆಯನ್ನು ಅರಿತೇ ಇಂದಿನವನನ್ನು ಅಪ್ಪಿಕೊಂಡರು. ಪರಿವೀಕ್ಷಣೆಗೆ ಒಳಪಟ್ಟವನಿಗೆ ಶಿಕ್ಷೆಯಿಂದ ಬರುವ ಅನರ್ಹತೆಯು ತಗಲದೆಂದು ಅದೇ ಕಾಯಿದೆಯ 12ನೆಯ ಕಲಮು ವಿಧಿಸಿದೆ. ಆದರೆ ನ್ಯಾಯಾಲಯವು ಬಿಟ್ಟವನನ್ನು ಊರ ನಾಲಗೆಯು ಬಿಡದಿದ್ದರೆ ಆ ಕಲಮಿನಿಂದ ಫಲವೇನು? ಕೆಲಸ ಕೊಡುವಲ್ಲಿ, ಹೆಣ್ಣು ಕೊಡುವಲ್ಲಿ, ಪಂಕ್ತಿಯಲ್ಲಿ ಕುಳ್ಳಿರಿಸುವಲ್ಲಿ ಅವನ ಹಳೆಯ ತಪ್ಪನ್ನೇ ಎಣಿಸುವವರು, ನ್ಯಾಯಾಧೀಶರು ವಿಧಿಸದ ಶಿಕ್ಷೆಯನ್ನು ತಾವು ವಿಧಿಸಿದಂತಾಗುತ್ತದೆ.

ಆದರೂ ಪೆಟ್ಟು ತಿಂದವನನ್ನು ಮರೆಯಲಾಗದು. ಬಿಡುಗಡೆಯನ್ನು ಬಯಸುವ ತರುಣನು ಅಧಿಕಾರಿಯ ಬಳಿಗೆ ಹೋಗುವ ಮುನ್ನ ಆ ನೆರೆಹೊಲದವನ ಅಂಗಳಕ್ಕೆ ಹೋಗಬೇಕು. ಹಣದಿಂದ ಗಾಯದ ಖರ್ಚು ತೀರೀತು, ಅಪಮಾನವು ತೀರದು. ಅಲ್ಲಿ ತಲೆಬಾಗಿದವನಿಗೆ ಉಳಿದ ವರ್ಷವು ಮನ್ನಾ ಆದರೆ ಸಂತೋಷ. ಆಗದಿದ್ದರೂ ಅದು ಅವನಿಗೆ ಸೆರೆಯಾಗದು, ಸಾಧನೆಯಾದೀತು.