ಕೇಳಿಸದ ಸದ್ದನ್ನು ಕಾಯುವವರು

ಪೀಣ್ಯದ ಯಾವುದಾದರೂ ಶೆಡ್ಡಿನಲ್ಲಿ ವರ್ಷಗಟ್ಟಲೆ ಲೇತ್ ಮುಂದೆ ನಿಂತವರನ್ನು ಈ ಗಲಾಟೆ ಹೇಗೆ ತಡೆದುಕೊಳ್ಳುತ್ತೀರಿ ಎಂದು ಕೇಳಿದರೆ, ಯಾವ ಗಲಾಟೆ ಎಂಬಂತೆ ನೋಡುತ್ತಾರೆ. ಪಕ್ಕದಲ್ಲೇ ಪವರ್ ಪ್ರೆಸ್ ನೆಲ ನಡುಗಿಸುತ್ತಿರುತ್ತದೆ. ಆದರೆ ಟೂಲ್ ಮೊಂಡಾಗಿ ಸದ್ದು ಒಂದಿಷ್ಟು ಕೀರಲಾದರೆ ಸಾಕು, ಮಾತಿನ ನಡುವೆಯೇ ಕೈ ಮೆಷಿನ್ ನಿಲ್ಲಿಸಿರುತ್ತದೆ. ಕೇಳಿಸದೇ ಇದ್ದ ಸದ್ದು ಬದಲಾದದ್ದು ಕೇಳಿಸಿದ್ದು ಹೇಗೆ?

ಸಂವೇದನೆ ಬೇರೆ, ಗ್ರಹಿಕೆ ಬೇರೆ, ಬಂದದ್ದರಲ್ಲಿ ಬೇಕಾದ್ದನ್ನು ಆಯ್ದು ಉಳಿದದ್ದನ್ನು ಬಿಡುವುದು ಅವಧಾನದ ಕೆಲಸ. ಮನಶ್ಶಾಸ್ತ್ರದ ಮೊದಲ ಪಾಠ ಇದು. 1958ರಲ್ಲಿ ಡೊನಾಲ್ಡ್ ಬ್ರಾಡ್‌ಬೆಂಟ್ ಅವಧಾನವನ್ನು ಫಿಲ್ಟರ್ ಎಂದರು. ಮರುವರ್ಷವೇ ನೆವಿಲ್ ಮೊರೆ ಆ ಫಿಲ್ಟರಿನ ಸೋರಿಕೆ ತೋರಿಸಿದರು: ಒಂದು ಕಿವಿಯ ಮಾತನ್ನಷ್ಟೇ ಹಿಂಬಾಲಿಸುತ್ತಿದ್ದವರಲ್ಲಿ ಕೆಲವರು, ಬಿಟ್ಟ ಕಿವಿಯಲ್ಲಿ ತಮ್ಮ ಹೆಸರು ಬಂದಾಗ ಗುರುತಿಸಿಬಿಟ್ಟರು.

ಇವರಿಬ್ಬರಿಗಿಂತ ರಷ್ಯದ ಮನಶ್ಶಾಸ್ತ್ರಜ್ಞ ಸೊಕೊಲೊವ್ ಪೀಣ್ಯಕ್ಕೆ ಹತ್ತಿರ ಎಂದು ನನಗನ್ನಿಸುತ್ತದೆ. ಅವರು ಕಂಡದ್ದು ಇದು: ಒಂದೇ ಸದ್ದನ್ನು ಮತ್ತೆ ಮತ್ತೆ ಕೇಳಿಸಿದರೆ ಮೈ ಅದಕ್ಕೆ ಬೆಚ್ಚುವುದನ್ನು ನಿಲ್ಲಿಸುತ್ತದೆ. ಆಮೇಲೆ ಅದನ್ನೇ ಮೆಲ್ಲಗೆ ಮಾಡಿದರೆ, ಅಥವಾ ವಾಡಿಕೆಗಿಂತ ಬೇಗ ನಿಲ್ಲಿಸಿದರೆ, ಮತ್ತೆ ಬೆಚ್ಚುತ್ತದೆ. ಬರೀ ಕಿವಿಯ ದಣಿವಾಗಿದ್ದರೆ ಮೆಲುದನಿಗೆ ಎಚ್ಚರವಾಗಬಾರದಿತ್ತು. ಒಳಗೆ ಆ ಸದ್ದಿನದೊಂದು ಅಚ್ಚು ಕೂತಿದೆ. ಹೊರಗಿನದು ಅದಕ್ಕೆ ಹೊಂದುತ್ತಿರುವಷ್ಟು ಹೊತ್ತು ಮನಸ್ಸಿಗೆ ಸುದ್ದಿ ಹೋಗುವುದಿಲ್ಲ. ಕರೆಂಟ್ ಹೋದಾಗ ಇಡೀ ಶೆಡ್ಡು ತಲೆಯೆತ್ತುವುದು ಇದಕ್ಕೇ. ಆಗ ಕಿವಿಗೆ ಹೊಸದಾಗಿ ಬಿದ್ದದ್ದು ಏನೂ ಇಲ್ಲ, ಇರಬೇಕಾದದ್ದು ಇಲ್ಲ, ಅಷ್ಟೇ.

ನಮ್ಮ ನೈಯಾಯಿಕರು ಮನಸ್ಸು ಅಣುಗಾತ್ರದ್ದು, ಒಂದು ಗಳಿಗೆಗೆ ಒಂದೇ ಅರಿವು ಎಂದರು. ಅಚ್ಚುಕಟ್ಟಾದ ವಾದ. ಆದರೆ ಲೇತ್ ಮುಂದಿನವರು ಮೈಕ್ರೋಮೀಟರ್ ಓದುತ್ತಾ, ಪಕ್ಕದವರೊಡನೆ ಚೀಟಿ ದುಡ್ಡಿನ ಮಾತಾಡುತ್ತಾ, ಸದ್ದನ್ನೂ ಕಾಯುತ್ತಿರುತ್ತಾರಲ್ಲ! ಮನಸ್ಸು ಅತಿವೇಗವಾಗಿ ಓಡಾಡುವುದರಿಂದ ಎಲ್ಲವೂ ಒಟ್ಟಿಗೆ ನಡೆದಂತೆ ಕಾಣುತ್ತದೆ ಎಂದು ನೈಯಾಯಿಕರು ಸಮಜಾಯಿಷಿ ಕೊಟ್ಟಾರು. ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಕಾಯುವುದು ಅರಿವಲ್ಲ ಎನ್ನುವುದಾದರೆ, ಮೆಷಿನ್ ನಿಲ್ಲಿಸಿದ ಕೈ ಯಾರ ಮಾತು ಕೇಳಿತು?

ಮನಸ್ಸು ಬಿಟ್ಟುಬಿಟ್ಟ ಸದ್ದೂ ಕಿವಿಯನ್ನು ಬಿಡುವುದಿಲ್ಲ. ಗಮನಿಸಿದ್ದು, ಗಮನಿಸದ್ದು ಎಂಬ ಭೇದ ಒಳಗಿವಿಯ ರೋಮಕೋಶಗಳಿಗೆ ಗೊತ್ತಿಲ್ಲ. ಸತ್ತರೆ ಅವು ಮತ್ತೆ ಹುಟ್ಟುವುದಿಲ್ಲ. ಇಯರ್ ಪ್ಲಗ್ ಹಾಕಿಕೊಳ್ಳಿ ಎಂದರೆ, "ಮೆಷಿನ್ ಸದ್ದು ಗೊತ್ತಾಗಲ್ಲ ಸಾರ್" ಎನ್ನುವವರಿದ್ದಾರೆ. ಕಾರ್ಖಾನೆಯ ಗದ್ದಲದಿಂದ ಬರುವ ಕಿವುಡು ಸಾಮಾನ್ಯವಾಗಿ 4000 ಹರ್ಟ್ಸ್ ಆಸುಪಾಸಿನ ಏರುದನಿಗಳಿಂದ ಶುರುವಾಗುತ್ತದೆ. ಮೊಂಡು ಟೂಲಿನ ಕೀರಲೂ ಅಂಥ ಏರುದನಿಯೇ.