ಮಾತು ಕೇಳುವುದು, ಕೇಳಿಸಿಕೊಳ್ಳುವುದು

ನಮ್ಮ ಉತ್ತರ ಕನ್ನಡದಲ್ಲಿ ಮಿಡಿ ಎಂದರೆ ಮೊದಲು ನೆನಪಾಗುವುದು ಉಪ್ಪಿನಕಾಯಿಯ ಅಪ್ಪೆಮಿಡಿ. ಭಟ್ಕಳದ ಪಕ್ಕದ ಮುಟ್ಟಳ್ಳಿಯಲ್ಲಿ, ಮನೆಯ ಹಿಂದಿನ ಕೋಣೆಯಲ್ಲಿ ಜೋಡಿಸಿಕೊಂಡಿರುವ ಪುಟ್ಟ ಸ್ಟುಡಿಯೋ ನೋಡಲು ಬಂದವರಿಗೆ ನಾನು ‘ಇದು ಮಿಡಿ ಸೀಕ್ವೆನ್ಸರ್’ ಎಂದಾಗ ಒಬ್ಬರಾದರೂ ನಗುತ್ತಾರೆ. ಈ ಮಿಡಿ ಬೇರೆ. ಬೇರೆ ಬೇರೆ ಕಂಪನಿಗಳ ಎಲೆಕ್ಟ್ರಾನಿಕ್ ವಾದ್ಯಗಳು ಪರಸ್ಪರ ಅರ್ಥವಾಗುವ ಒಂದೇ ಭಾಷೆಯಲ್ಲಿ ವ್ಯವಹರಿಸಲಿ ಎಂದು ಅಮೆರಿಕದ ಡೇವ್ ಸ್ಮಿತ್, ಜಪಾನಿನ ಇಕುತಾರೊ ಕಾಕೆಹಾಶಿ ಮತ್ತಿತರರು 1983ರಲ್ಲಿ ತಂದ ಒಪ್ಪಂದ ಅದು. ಇಷ್ಟು ವರ್ಷಗಳಾದರೂ ಆ ಐದು ಪಿನ್ನಿನ ದುಂಡು ಕೇಬಲ್ ಇನ್ನೂ ಚಾಲ್ತಿಯಲ್ಲಿದೆ.

ಆ ಕೇಬಲ್ಲಿನಲ್ಲಿ ಶಬ್ದ ಹರಿಯುವುದಿಲ್ಲ, ಹರಿಯುವುದು ಬರೀ ಆಜ್ಞೆ. ‘ಹತ್ತನೇ ಚಾನೆಲ್, 38ನೇ ಸ್ವರ, 90ರಷ್ಟು ಬಿರುಸು, ಶುರು’ ಎಂಬಷ್ಟನ್ನು ಮೂರು ಬೈಟುಗಳಲ್ಲಿ ಹೇಳಿ ಮುಗಿಸುತ್ತದೆ. ಸೆಕೆಂಡಿಗೆ 31,250 ಬಿಟ್ ವೇಗದಲ್ಲಿ ಇದಕ್ಕೆ ಸುಮಾರು ಒಂದು ಮಿಲಿಸೆಕೆಂಡ್ ಸಾಕು. ಸ್ವರ ನಿಲ್ಲಬೇಕಾದರೆ ಇನ್ನೊಂದು ಆಜ್ಞೆ ಬೇಕು. ಅದು ದಾರಿಯಲ್ಲಿ ಕಳೆದುಹೋದರೆ ಸ್ವರ ನಿಲ್ಲದೆ ಕೂಗುತ್ತಲೇ ಇರುತ್ತದೆ. ಒಂದೇ ತಂತಿಯಲ್ಲಿ ಹದಿನಾರು ಚಾನೆಲ್‌ಗಳ ಆಜ್ಞೆಗಳು ಸಾಲಾಗಿ ಬರುತ್ತವೆ. ಪ್ರತಿ ವಾದ್ಯಕ್ಕೂ ಎಲ್ಲವೂ ತಲುಪುತ್ತದೆ, ಅದು ತನ್ನ ಚಾನೆಲ್ಲಿನದಕ್ಕೆ ಮಾತ್ರ ಓಗೊಡುತ್ತದೆ. ಸ್ಟುಡಿಯೋದಲ್ಲಿ ರೂಟಿಂಗ್ ಎನ್ನುವ ಕೆಲಸವೆಲ್ಲ ಇಷ್ಟೇ: ಯಾರ ಮಾತು ಯಾರಿಗೆ ಹೋಗಬೇಕು, ಯಾರು ಅದನ್ನು ಮುಂದಕ್ಕೆ ದಾಟಿಸಬೇಕು, ಯಾರು ಸುಮ್ಮನಿರಬೇಕು.

ಸೀಕ್ವೆನ್ಸರ್ ತಾನು ಮೂಗ. ಆಜ್ಞೆಗಳನ್ನು ನೆನಪಿಟ್ಟುಕೊಂಡು ಹೊತ್ತಿಗೆ ಸರಿಯಾಗಿ ಕಳಿಸುತ್ತದೆ, ಅಷ್ಟೇ. ನನ್ನದರಲ್ಲಿ ಒಂದು ಸಾಲಿಗೆ ಹದಿನಾರು ಗುಂಡಿಗಳಿವೆ. ಏಕತಾಳ ಅದರಲ್ಲಿ ಸಲೀಸಾಗಿ ಕೂರುತ್ತದೆ. ಏಳು ಅಕ್ಷರದ ತ್ರಿವುಡೆಗೆ ಸಾಲನ್ನು ಹದಿನಾಲ್ಕಕ್ಕೆ ಕತ್ತರಿಸಬೇಕು. ಕೊನೆಯ ಎರಡು ಗುಂಡಿಗಳು ಕತ್ತಲಲ್ಲಿ ಉಳಿಯುತ್ತವೆ. ಲ್ಯಾಪ್‌ಟಾಪಿನಲ್ಲಿ ಇದೆಲ್ಲ ಇನ್ನೂ ಸುಲಭ, ಗೊತ್ತು. ಆದರೆ ಪರದೆ ನೋಡದೆ ಬೆರಳಲ್ಲಿ ಕೆಲಸ ಮಾಡುವ ಸುಖ ನನಗೆ ಬೇಕು. ಹಗಲೆಲ್ಲ ಪಿಎಚ್‌ಡಿ ಅಧ್ಯಾಯಗಳಿಗಾಗಿ ಪರದೆ ನೋಡುವುದು ಇದ್ದೇ ಇದೆ.

ಕನ್ನಡದ ‘ಕೇಳು’ ಎಂಬ ಕ್ರಿಯಾಪದದ ಬಗ್ಗೆ ನಾನು ಯೋಚಿಸತೊಡಗಿದ್ದು ಈ ತಂತಿಗಳ ನಡುವೆ ಕೂತೇ. ಹಾಡು ಕೇಳುತ್ತೇವೆ, ಹಿರಿಯರ ಮಾತು ಕೇಳುತ್ತೇವೆ, ಗೊತ್ತಿಲ್ಲದ್ದನ್ನು ಕೇಳುತ್ತೇವೆ. ಕಿವಿಗೊಡುವುದು, ವಿಧೇಯರಾಗುವುದು, ಪ್ರಶ್ನಿಸುವುದು, ಮೂರಕ್ಕೂ ಒಂದೇ ಮಾತು. ಬಳಕೆಯಲ್ಲಿ ಇವು ಎಷ್ಟು ಬೆರೆತಿವೆಯೆಂದರೆ, ಬೇರೆ ಮಾಡಿ ನೋಡಲು ಒಂದು ಯಂತ್ರವೇ ಬೇಕಾಯಿತು. ಮಿಡಿಗೆ ಕಟ್ಟಿದ ವಾದ್ಯ ಮಾತು ಕೇಳುತ್ತದೆ, ಅದೂ ಚಾಚೂ ತಪ್ಪದೆ. ಕೇಳಿಸಿಕೊಳ್ಳುವುದು ಅದಕ್ಕೆ ಗೊತ್ತಿಲ್ಲ. ಆ ಹಳೆಯ ಕೇಬಲ್ ಒಂದೇ ದಿಕ್ಕಿಗೆ ಹರಿಯುವುದರಿಂದ ಆಜ್ಞೆ ಕೊಟ್ಟವನಿಗೆ ಆ ತುದಿಯಲ್ಲಿ ಯಾರಾದರೂ ಇದ್ದಾರೆಯೇ ಎಂಬುದೂ ತಿಳಿಯದು.

ಇದು ಬರೀ ಪದದ ಆಟವಾಗಿ ಉಳಿಯದಿರಲು ಕಾರಣ ನಮ್ಮೂರಿನ ಒಬ್ಬ ಮದ್ದಲೆಗಾರರು. ಅಪ್ಪನ ಗೆಳೆಯರು, ನಾನು ಮಾವ ಎನ್ನುತ್ತೇನೆ. ಮಳೆಗಾಲದಲ್ಲಿ ಮೇಳಗಳ ತಿರುಗಾಟ ಇರುವುದಿಲ್ಲ. ಅಂಥದೊಂದು ಬಿಡುವಿನ ಮಧ್ಯಾಹ್ನ ಅವರು ಬಂದು ಎರಡು ತಾಸು ಕೂತು, ಒಂದೊಂದೇ ಪೆಟ್ಟು ಬಾರಿಸಿ ಧ್ವನಿಮುದ್ರಿಸಲು ಬಿಟ್ಟರು. ಮೆಲ್ಲನೆಯದು, ನಡುವಿನದು, ಬಿರುಸಿನದು. ಥಂಡಿಗೆ ಚರ್ಮ ಸಡಿಲಾಗಿ ಶ್ರುತಿ ಇಳಿಯುತ್ತಿತ್ತು, ನಡುನಡುವೆ ಬಿಗಿ ಮಾಡಿಕೊಂಡರು. ಆ ಪೆಟ್ಟುಗಳನ್ನು ಸ್ಯಾಂಪ್ಲರಿಗೆ ತುಂಬಿ ಹತ್ತನೇ ಚಾನೆಲ್ಲಿಗೆ ಕಟ್ಟಿದೆ. ಸಂಜೆ ಅವರಿಗೇ ಕೇಳಿಸಿದಾಗ ಬಹಳ ಹೊತ್ತು ತಲೆದೂಗಿ ಕೇಳಿದರು. ಆಮೇಲೆ ಒಂದೇ ಪ್ರಶ್ನೆ: “ಚಂದ ಉಂಟು ತಂಗಿ. ಆದ್ರೆ ಇದು ಯಾರ ಕಾಲು ನೋಡಿ ಬಾರಿಸ್ತದೆ?”

ಯಕ್ಷಗಾನ ನೋಡಿದವರಿಗೆ ಆ ಪ್ರಶ್ನೆಯ ತೂಕ ಗೊತ್ತಾಗುತ್ತದೆ. ಭಾಗವತರನ್ನು ಮೊದಲನೇ ವೇಷ ಎನ್ನುವುದುಂಟು. ಆಟ ನಡೆಸುವವರು ಅವರೇ, ತಾಳ ಅವರ ಕೈಯಲ್ಲಿ. ಹಾಗೆಂದು ಲಯ ಮೇಲಿನಿಂದ ಕೆಳಕ್ಕೆ ಮಾತ್ರ ಇಳಿಯುವುದಿಲ್ಲ. ವೇಷಧಾರಿ ಒಂದು ಹೆಜ್ಜೆ ತಡೆದು ಹಿಡಿದರೆ ಮದ್ದಲೆ ಕಾಯುತ್ತದೆ, ಚಂಡೆ ಎತ್ತಿಕೊಂಡರೆ ಕುಣಿತ ಏರುತ್ತದೆ, ಅದನ್ನು ಕಂಡು ಭಾಗವತರು ಇನ್ನೊಂದು ಆವರ್ತ ಬೆಳೆಸುತ್ತಾರೆ. ಅಲ್ಲಿ ಮಾತು ಕೇಳುವುದೂ ಕೇಳಿಸಿಕೊಳ್ಳುವುದೂ ಒಂದೇ ಗಳಿಗೆಯಲ್ಲಿ ನಡೆಯುತ್ತದೆ. ಮಿಡಿಯಲ್ಲಿ ಲಯಕ್ಕೆ ಗಡಿಯಾರವಿದೆ: ಒಂದು ಬಡಿತಕ್ಕೆ 24 ಸಂಕೇತ, ಜೊತೆಗೆ ಶುರು, ನಿಲ್ಲು, ಮುಂದುವರಿ. ಹಳೆಯ ಕೈಪಿಡಿಗಳು ಗಡಿಯಾರ ಕಳಿಸುವುದನ್ನು ಮಾಸ್ಟರ್ ಎಂದೂ ಅನುಸರಿಸುವುದನ್ನು ಸ್ಲೇವ್ ಎಂದೂ ಕರೆದಿವೆ. ಈಗ ಹಲವರು ಆ ಪದಗಳನ್ನು ಬಿಡುತ್ತಿದ್ದಾರೆ. ಬಿಡಲಿ, ಒಳ್ಳೆಯದೇ. ಆದರೆ ಪದ ಬದಲಾದರೂ ತಂತಿಯ ದಿಕ್ಕು ಬದಲಾಗಿಲ್ಲ.

ಆಸ್ಟ್ರಿಯಾ ಮೂಲದ ಸಮಾಜಚಿಂತಕ ಆಲ್ಫ್ರೆಡ್ ಶುಟ್ಸ್ 1951ರಲ್ಲಿ, ಜೊತೆಯಾಗಿ ಸಂಗೀತ ನುಡಿಸುವುದರ ಕುರಿತು ಒಂದು ಪ್ರಬಂಧ ಬರೆದ. (ಹಗಲು ಬ್ಯಾಂಕಿನ ಕೆಲಸ, ಉಳಿದ ಹೊತ್ತಿನಲ್ಲಿ ತತ್ತ್ವಶಾಸ್ತ್ರ. ಫೆಲೋಶಿಪ್ ತಡವಾದಾಗಲೆಲ್ಲ ಅವನ ನೆನಪಾಗುತ್ತದೆ.) ಮಾತು ಹುಟ್ಟುವ ಮೊದಲೇ ಮನುಷ್ಯರ ನಡುವೆ ಪರಸ್ಪರ ಶ್ರುತಿಗೂಡುವ ಒಂದು ಸಂಬಂಧವಿರುತ್ತದೆ, ಜೊತೆಗೂಡಿ ನುಡಿಸುವಾಗ ಅದು ಕಣ್ಣಿಗೆ ಕಾಣುತ್ತದೆ ಎಂಬುದು ಅವನ ವಾದ. ಒಳಗಿನ ಕಾಲವನ್ನು ಹಂಚಿಕೊಳ್ಳುವುದು, ಹೊರಗಿನ ಗಡಿಯಾರಕ್ಕೆ ಹೊಂದಿಕೊಳ್ಳುವುದು ಎರಡೂ ಅವನಿಗೆ ಬೇರೆ ಬೇರೆ. ಮಾವ ಕೇಳಿದ್ದು ಇದನ್ನೇ ಎಂದು ನನಗನ್ನಿಸುತ್ತದೆ, ಆದರೆ ಅವರ ಪ್ರಶ್ನೆಯಲ್ಲಿ ಕಾಲು ಇದೆ, ಶುಟ್ಸ್‌ನ ಪ್ರಬಂಧದಲ್ಲಿ ಅಷ್ಟು ಮಣ್ಣಿಲ್ಲ.

ಯಂತ್ರವೇ ಬೇಡ ಎನ್ನುವ ವಾದ ನನ್ನದಲ್ಲ. ಬೆಂಗಳೂರಿನ ರಾಡೆಲ್ ಸಂಸ್ಥೆಯ ಜಿ. ರಾಜ್‌ನಾರಾಯಣ್ ರೂಪಿಸಿದಂಥ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಇಂದು ಕಛೇರಿಗಳಲ್ಲೂ ರಂಗದ ಮೇಲೂ ಸಾಮಾನ್ಯ. ಅದರಿಂದ ಆಟ ಕೆಟ್ಟಿತು ಎಂದು ಯಾರೂ ದೂರಿದ್ದನ್ನು ನಾನು ಕೇಳಿಲ್ಲ. ತಂಬೂರಿ ಮೀಟುವವರು ಒಪ್ಪಲಿಕ್ಕಿಲ್ಲ, ಆದರೂ ಹೇಳುತ್ತೇನೆ: ರಂಗದಲ್ಲಿ ಏನೇ ನಡೆದರೂ ಕದಲದೆ ನಿಲ್ಲುವುದು ಶ್ರುತಿಯ ಕೆಲಸ. ಕೇಳಿಸಿಕೊಳ್ಳದಿರುವುದು ಅಲ್ಲಿ ಗುಣವೇ. ಮದ್ದಲೆಗೆ ಹಾಗಲ್ಲ.

ಹಾಗಾದರೆ ದಿಕ್ಕನ್ನೇ ತಿರುಗಿಸಿದರೆ? ಮಾವನ ಮದ್ದಲೆಗೆ ಒಂದು ಪೀಜೋ ಬಿಲ್ಲೆ ಅಂಟಿಸಿ, ಪೆಟ್ಟುಗಳ ಅಂತರ ಅಳೆದು ಗಡಿಯಾರ ಸಂಕೇತವಾಗಿ ಮಾಡುವ ಸಣ್ಣ ಬೋರ್ಡೊಂದನ್ನು ನಡುವೆ ಇಟ್ಟು, ಸೀಕ್ವೆನ್ಸರನ್ನು ಹೊರಗಿನ ಗಡಿಯಾರಕ್ಕೆ ಕಟ್ಟಿದೆ. ಈಗ ಯಂತ್ರವೇ ಹಿಂಬಾಲಕ. ನಿಧಾನದ ಏಕತಾಳದಲ್ಲಿ ಚೆನ್ನಾಗಿಯೇ ಬಂತು, ಮಾವ ಬೇಕೆಂದೇ ಲಯ ಎಳೆದು ನೋಡಿ ನಕ್ಕರು. ಬಿಡ್ತಿಗೆಗೆ ಬಂದಾಗ ಕೈಕೊಟ್ಟಿತು. ಯಂತ್ರಕ್ಕೆ ತಿಳಿದಿರುವುದು ಆಗಿಹೋದ ಪೆಟ್ಟು. ಕಳೆದೆರಡು ಪೆಟ್ಟುಗಳ ಅಂತರವೇ ಮುಂದಿನದಕ್ಕೂ ಇರುತ್ತದೆ ಎಂದು ಅದು ನಂಬುತ್ತದೆ. ಮದ್ದಲೆಗಾರರೋ, ಇನ್ನೂ ನೆಲ ಮುಟ್ಟದ ಹೆಜ್ಜೆಗೆ ಕೈ ಎತ್ತಿರುತ್ತಾರೆ.

2020ರಲ್ಲಿ ಬಂದ ಮಿಡಿ 2.0 ಎರಡೂ ದಿಕ್ಕಿನ ಮಾತುಕತೆಗೆ ದಾರಿ ಮಾಡಿದೆ. ಒಂದು ಉಪಕರಣ ಇನ್ನೊಂದನ್ನು ‘ನಿನಗೆ ಏನೇನು ಬರುತ್ತದೆ?’ ಎಂದು ವಿಚಾರಿಸಬಲ್ಲದು. ‘ಕೇಳು’ವಿನ ಮೂರನೆಯ ಅರ್ಥವೂ ತಂತಿಗೆ ಬಂತಲ್ಲ ಎಂದು ನನಗೆ ಖುಷಿಯಾಯಿತು. ಖುಷಿ ಬಹಳ ಹೊತ್ತು ಇರಲಿಲ್ಲ. ಏನು ಬರುತ್ತದೆ ಎಂದು ಕೇಳುವುದಕ್ಕೂ ಮಾಡಲು ಮನಸ್ಸಿದೆಯೇ ಎಂದು ಕೇಳುವುದಕ್ಕೂ ನಡುವೆ ತುಂಬ ದೂರವಿದೆ. ಉಪಕರಣಗಳಿಗೆ ಮೊದಲನೆಯದು ಸಾಕು. ಮನುಷ್ಯರನ್ನೂ ನಾವು ಹೆಚ್ಚಾಗಿ ಕೇಳುವುದು ಮೊದಲನೆಯದನ್ನೇ.

ಮಾವ ಅಂದು ಒಪ್ಪಿಗೆ ಕೊಟ್ಟಿದ್ದು ಪೆಟ್ಟುಗಳಿಗೆ. ಆ ಪೆಟ್ಟುಗಳಿಂದ ಅವರು ಎಂದೂ ಬಾರಿಸದ ಏನನ್ನೂ ನಾನು ಕಟ್ಟಬಹುದು. ಶಬ್ದ ಅವರದು, ಆಜ್ಞೆ ನನ್ನದು. ಮಿಡಿ ಈ ಎರಡನ್ನೂ ಬೇರ್ಪಡಿಸಿಟ್ಟಿರುವುದರಿಂದಲೇ ಇದು ಸಾಧ್ಯ. ಕೇಳಿದವರು ಮಾತ್ರ ಮದ್ದಲೆ ಯಾರದ್ದು ಎಂದು ಒಂದೇ ಪ್ರಶ್ನೆ ಕೇಳುತ್ತಾರೆ. ಹಾಗಾಗಿ ಒಮ್ಮೆ ಪಡೆದ ಒಪ್ಪಿಗೆ ಮುಂದಿನ ಬಳಕೆಗಳಿಗೆಲ್ಲ ಸಲ್ಲುತ್ತದೆ ಎಂದು ನಾನು ನಂಬುವುದಿಲ್ಲ. ಪ್ರತಿ ಹೊಸ ಬಳಕೆಗೂ ಹೊಸದಾಗಿ ಕೇಳಬೇಕು. ಇದು ಕಿರಿಕಿರಿ, ನಿಜ. ಬದುಕಿರುವವರೊಂದಿಗೆ ಕೆಲಸ ಮಾಡುವುದೇ ಸ್ವಲ್ಪ ಕಿರಿಕಿರಿಯದು.

ಪ್ರಶ್ನೆ ತೀರಾ ಹತ್ತಿರ ಬಂದಿದ್ದು ಹೋದ ತಿಂಗಳು. ಮಕ್ಕಳ ಯಕ್ಷಗಾನವೊಂದರ ಆಯೋಜಕರು ನನ್ನ ಟ್ರ್ಯಾಕ್ ಕೇಳಿದ್ದರಂತೆ. ಹಿಮ್ಮೇಳದವರಿಗೆ ಸಂಭಾವನೆ, ಓಡಾಟದ ಖರ್ಚು ಎಲ್ಲ ಸೇರಿ ಹೊರೆಯಾಗುತ್ತದೆ, ಚಂಡೆ ಮದ್ದಲೆ ಎಲ್ಲ ಒಂದು ಪೆನ್‌ಡ್ರೈವಿನಲ್ಲಿ ಹಾಕಿಕೊಡಿ ಎಂದರು. ಅವರದೂ ದುರಾಸೆಯಲ್ಲ, ಖಾಲಿ ಕಿಸೆ. ಮಾವನ ಹತ್ತಿರ ಹೋಗಿ ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ಅಭ್ಯಾಸಕ್ಕೆ ಕೊಡು, ಮಕ್ಳು ಕಲಿಲಿ. ಆಟದ ದಿನ ಅಲ್ಲ. ಮಕ್ಳು ಹೆಜ್ಜೆ ತಪ್ತಾರೆ, ಆಗ ಯಾರಾದ್ರೂ ಕಾಯ್ಬೇಕಲ್ಲ.”

ಯಂತ್ರ ಕಾಯುವುದಿಲ್ಲ, ಆದ್ದರಿಂದ ತಪ್ಪು ಯಾವಾಗಲೂ ಮಗುವಿನದೇ ಆಗುತ್ತದೆ. ಈ ಕೋನ ನನಗೆ ಹೊಳೆದಿರಲೇ ಇಲ್ಲ. ನಾನು ಮದ್ದಲೆಗಾರರ ಹಕ್ಕಿನ ಲೆಕ್ಕ ಹಾಕುತ್ತಿದ್ದೆ, ಅವರು ಕುಣಿಯುವವರ ಕಡೆಯಿಂದ ನೋಡಿದ್ದರು.

ಅಭ್ಯಾಸದ ಟ್ರ್ಯಾಕ್ ಸಿದ್ಧವಾಗಿದೆ, ತ್ರಿವುಡೆಯನ್ನು ಎರಡು ವೇಗದಲ್ಲಿ ಕೊಟ್ಟಿದ್ದೇನೆ. ಅದರೊಂದಿಗೆ ಆಟದ ದಿನಕ್ಕೆ ಮಾವನ ಸಂಭಾವನೆ ಎಷ್ಟು ಎಂಬುದನ್ನೂ ಬರೆದು ಆಯೋಜಕರಿಗೆ ಕಳಿಸಿದೆ. ಚಂದಾ ಎತ್ತಿ ನೋಡುತ್ತೇವೆ ಎಂದಿದ್ದಾರೆ.