ಪುಕ್ಕಟೆ ಸಸಿ

ಕದ್ದು ತಂದ ಮನಿಪ್ಲಾಂಟೇ ಚೆನ್ನಾಗಿ ಹಬ್ಬುತ್ತದೆ ಅನ್ನೋ ಮಾತನ್ನು ನೀವೂ ಕೇಳಿರ್ತೀರಿ. ಹಾಗೆ ಹೇಳುವವರು ಯಾರೂ ಕಳ್ಳರಲ್ಲ. ಪಕ್ಕದ ಮನೆಯ ಕಾಂಪೌಂಡಿನಿಂದ ಒಂದು ಗೇಣು ಬಳ್ಳಿ ಮುರಿದುಕೊಂಡವರನ್ನು ಕಳ್ಳ ಅಂತ ಕರೆಯೋಕೆ ನಮಗೆ ಬಾಯಿ ಬರಲ್ಲ. ಗಿಡದವನಿಗೆ ಏನೂ ಕಡಿಮೆ ಆಗಲಿಲ್ಲ, ತಂದವನಿಗೆ ಒಂದು ಗಿಡ ಆಯ್ತು. ಕೊಡುವಾಗಲೂ ಅಷ್ಟೇ. ದಾಸವಾಳದ ಟೊಂಗೆ ಕೊಟ್ಟ ಅತ್ತಿಗೆಯನ್ನು ಯಾರೂ "ಇದಕ್ಕೆ ವಾರಂಟಿ ಎಷ್ಟು ವರ್ಷ" ಅಂತ ಕೇಳಿಲ್ಲ. ಗಿಡದ ವಿಷಯದಲ್ಲಿ ನಮ್ಮ ಧರ್ಮಶಾಸ್ತ್ರ ಮೊದಲಿನಿಂದಲೂ ಸಡಿಲ, ಮತ್ತು ಆ ಸಡಿಲಿನಲ್ಲಿ ಒಂದು ಚೆಂದ ಇದೆ. ಆದರೆ ಅದು ಎಲ್ಲಿಯವರೆಗೆ ನಡೆಯುತ್ತದೆ ಅನ್ನೋ ಪ್ರಶ್ನೆ ಒಂದು ವರ್ಷದಿಂದ ನನ್ನ ತಲೆ ತಿನ್ನುತ್ತಿದೆ. ಕಾರಣ ನನ್ನ ಹವ್ಯಾಸ.

ನಾನು ಮನೆಯಲ್ಲಿ ಟಿಶ್ಯೂ ಕಲ್ಚರ್ ಮಾಡ್ತೀನಿ. ಶುದ್ಧ ಕನ್ನಡದಲ್ಲಿ ಅಂಗಾಂಶ ಕೃಷಿ. ಗಿಡದ ಒಂದು ಕಣವನ್ನು ಸರಿಯಾಗಿ ಸಾಕಿದರೆ ಇಡೀ ಗಿಡ ಆಗಬೇಕು ಅಂತ ಹೇಬರ್‌ಲ್ಯಾಂಡ್ಟ್ ಅನ್ನೋ ವಿಜ್ಞಾನಿ 1902ರಲ್ಲೇ ಹೇಳಿದ್ದ. ಅವನಿಗೆ ಮಾಡಿ ತೋರಿಸಲು ಆಗಲಿಲ್ಲ. 1958ರಲ್ಲಿ ಸ್ಟೀವರ್ಡ್ ಗಜ್ಜರಿಯಲ್ಲಿ ತೋರಿಸಿದ. 1962ರಲ್ಲಿ ಮುರಾಶಿಗೆ ಮತ್ತು ಸ್ಕೂಗ್ ಎಂಬಿಬ್ಬರು ತಂಬಾಕಿನ ಮೇಲೆ ಕೆಲಸ ಮಾಡುತ್ತ ಒಂದು ಉಪ್ಪುಗಳ ಮಿಶ್ರಣ ಬರೆದಿಟ್ಟರು. ಇವತ್ತಿಗೂ ಜಗತ್ತಿನ ಅರ್ಧ ಬಾಟಲಿಗಳಲ್ಲಿ ಅದೇ ಇರಬೇಕು ಅನ್ನೋದು ನನ್ನ ಅಂದಾಜು. ಪುಡಿ ಆನ್‌ಲೈನಿನಲ್ಲಿ ಸಿಗುತ್ತದೆ. ಒಂದು ಲೀಟರ್ ನೀರಿಗೆ ಆ ಪುಡಿ, 30 ಗ್ರಾಂ ಸಕ್ಕರೆ, ಚೂರು ಹಾರ್ಮೋನು, ಗಟ್ಟಿಯಾಗಲು ಅಗಾರ್. ಅಗಾರ್ ಅಂದರೆ ಬೇರೇನಲ್ಲ, ಮನೆಯಲ್ಲಿ ಪುಡ್ಡಿಂಗ್ ಮಾಡ್ತಾರಲ್ಲ, ಆ ಚೈನಾ ಗ್ರಾಸ್. ಇದನ್ನು ಜಾಮ್ ಬಾಟಲಿಗೆ ಸುರಿದು ಪ್ರೆಶರ್ ಕುಕ್ಕರಿನಲ್ಲಿ 20 ನಿಮಿಷ. ಒಳಗೆ 121 ಡಿಗ್ರಿ ಮುಟ್ಟಿದರೆ ಬೀಜಾಣುಗಳೂ ಸಾಯುತ್ತವೆ. ಮುಂದಿನದು ಬರೀ ಮಡಿ. ಕೈಗೆ ಸ್ಪಿರಿಟ್, ಚಾಕುವಿಗೆ ಬೆಂಕಿ, ಮಗುಚಿದ ಪ್ಲಾಸ್ಟಿಕ್ ಡಬ್ಬಿಯೊಳಗೆ ಉಸಿರು ಬಿಗಿಹಿಡಿದು ಕೆಲಸ. ನಮ್ಮ ಅಜ್ಜಿ ಮಡಿಯಲ್ಲಿ ಅಡುಗೆ ಮಾಡುವಾಗ ನಾವು ನಗುತ್ತಿದ್ದೆವು. ಅಜ್ಜಿ ಈಗಿದ್ದಿದ್ದರೆ ನನ್ನನ್ನು ನೋಡಿ ಸಾವಕಾಶ ನಗುತ್ತಿದ್ದಳು.

ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ ಮನೆ ಇಟ್ಟುಕೊಂಡು ಈ ಹವ್ಯಾಸ ಮಾಡುವುದು ಒಂದು ರೀತಿ ಹಟ. ಹಗಲೂ ರಾತ್ರಿ ಲಾರಿ, ಧೂಳು. ಧೂಳಿನ ಪ್ರತಿ ಕಣದ ಮೇಲೆ ಒಂದು ಬೂಸ್ಟು ಕೂತು ಪ್ರಯಾಣ ಮಾಡ್ತಿರುತ್ತದೆ. ಏಪ್ರಿಲ್‌ನಲ್ಲಿ ಕರೆಂಟು ಹೋದರೆ ಕಪಾಟಿನ ಒಳಗೆ ಬಾಟಲಿಗಳು ಬೇಯುತ್ತವೆ. ಆದರೂ ಜಿ-9 ಬಾಳೆ ಬಂತು, ಆಂಥೂರಿಯಂ ಬಂತು. ಗೆಳೆಯರಿಗೆ ಕೊಟ್ಟೆ. ಯಾರೂ ವಾರಂಟಿ ಕೇಳಲಿಲ್ಲ. ಬಾಲ್ಕನಿಯಲ್ಲಿ ಒಂದು ಆಂಥೂರಿಯಂ ಸತ್ತರೆ ಯಾರ ಮನೆಯೂ ಹಾಳಾಗಲ್ಲ.

ಆಮೇಲೆ ತಿಕೋಟಾದಿಂದ ಕಾಕಾ ಬಂದರು.

ಕಾಕಾ ದ್ರಾಕ್ಷಿಯವರು. ಆ ಕಡೆಯ ಎಲ್ಲರ ಹಾಗೆ ಬರಗಾಲದಲ್ಲಿ ಟ್ಯಾಂಕರಿನಲ್ಲಿ ನೀರು ತಂದು ಬಳ್ಳಿ ಉಳಿಸಿಕೊಂಡವರು. ಜೊತೆಗೆ ದಾಳಿಂಬೆ, ಭಗವಾ ತಳಿ. ಅವರ ತೋಟದ ಒಂದು ಮೂಲೆಯಲ್ಲಿ ಒಂದು ಗಿಡ ಇದೆ. ಸುತ್ತಲಿನ ಗಿಡಗಳಿಗೆ ಅಂಗಮಾರಿ ಬಂದು ಹಣ್ಣು ಬಿರಿದರೂ ಅದೊಂದು ಮೂರು ವರ್ಷ ಚೆನ್ನಾಗಿಯೇ ಕಾಯಿ ಬಿಟ್ಟಿದೆ. ಕಪಾಟಿನೊಳಗಿನ ಬಾಟಲಿಗಳನ್ನು ಟಾರ್ಚು ಹಾಕಿ ನೋಡಿ ಅಂದರು: "ಅಲ್ಲೋ ತಮ್ಮಾ, ಬಾಳಿ ಆಗ್ತದಂದ್ರ ದಾಳಿಂಬ್ರಿ ಯಾಕ ಆಗಂಗಿಲ್ಲ? ಆ ಮೂಲ್ಯಾಗಿನ ಗಿಡದ್ದು ಒಂದ ಎಕರೆಗೆ ಆಗೂವಷ್ಟು ಮಾಡಿ ಕೊಡು. ಗಿಡಾ ನಂದು, ಹೊಲಾ ನಂದು. ನೀ ಬರೇ ಬಾಟ್ಲಿ ಕೆಲಸ ಮಾಡು."

ಎಕರೆಗೆ ಸುಮಾರು 300 ಸಸಿ. ದಾಳಿಂಬೆ ಬಾಳೆಯಷ್ಟು ಸಲೀಸಲ್ಲ. ಕತ್ತರಿಸಿದ ತುದಿಯಿಂದ ಕಂದು ರಸ ಬಿಟ್ಟು ತನ್ನ ಅಗಾರನ್ನು ತಾನೇ ವಿಷ ಮಾಡಿಕೊಳ್ಳುತ್ತದೆ, ಮೇಲಿಂದ ಮೇಲೆ ಬಾಟಲಿ ಬದಲಿಸಬೇಕು. ಆದರೂ ಆಗದ ಕೆಲಸವಲ್ಲ. ನಮ್ಮ ಭಾಗದ ಎಷ್ಟೋ ತೋಟಗಳಲ್ಲಿ ಈಗ ಇರುವುದು ಲ್ಯಾಬಿನ ಟಿಶ್ಯೂ ದಾಳಿಂಬೆಯೇ. ಮೊದಲು ಎಲ್ಲರೂ ಗೂಟಿ ಕಟ್ಟಿ ಸಸಿ ಮಾಡ್ತಿದ್ದರು. ತಾಯಿಗಿಡದಲ್ಲಿ ಅಡಗಿದ್ದ ದುಂಡಾಣು ಗೂಟಿಯ ಜೊತೆಗೇ ಹೊಸ ಹೊಲಕ್ಕೆ ಹೋಯ್ತು. ಹಣ್ಣಿನ ಮೇಲೆ ಎಣ್ಣೆ ಬಿದ್ದಂಥ ಕಲೆ, ಆಮೇಲೆ ಸೀಳು. ಸೊಲ್ಲಾಪುರದ ಕಡೆ ಮರಾಠಿಯಲ್ಲಿ ತೇಲ್ಯಾ ಅಂತಾರೆ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ದಾಳಿಂಬೆ ಕಿತ್ತೆಸೆದವರನ್ನು ಹುಡುಕಿಕೊಂಡು ಹೋಗಬೇಕಿಲ್ಲ, ಪ್ರತಿ ಊರಲ್ಲೂ ಸಿಗ್ತಾರೆ. ಇದೇ ರಸ್ತೆಯ ಆ ತುದಿಯಲ್ಲಿ, ಸೊಲ್ಲಾಪುರದಲ್ಲಿ, 2005ರಲ್ಲಿ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರ ಶುರುವಾಯ್ತು.

ನಾನು ಕಾಕಾಗೆ ತಕ್ಷಣ ಹೂಂ ಅನ್ನಲಿಲ್ಲ. ಯಾಕೆ ಅನ್ನಲಿಲ್ಲ ಅಂತ ನನಗೇ ಸ್ಪಷ್ಟ ಮಾಡಿಕೊಳ್ಳೋಕೆ ತಿಂಗಳು ಹಿಡೀತು.

ಮೊದಲು ಕಾನೂನು ನೋಡಿದೆ, ಯಾಕಂದರೆ ಕಾನೂನಿನ ಹಿಂದೆ ಅಡಗುವುದು ಸುಲಭ. ಅಲ್ಲಿ ಜಾಗ ಸಿಗಲಿಲ್ಲ. ಭಗವಾ ಯಾವ ಕಂಪನಿಯದೂ ಅಲ್ಲ, ರಾಹುರಿಯ ಮಹಾತ್ಮಾ ಫುಲೆ ಕೃಷಿ ವಿದ್ಯಾಪೀಠದ್ದು. 2001ರ ಸಸ್ಯ ತಳಿ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೇ ಕಲಂ, ರೈತ ಬೀಜವನ್ನು ಉಳಿಸಬಹುದು, ಬಿತ್ತಬಹುದು, ಹಂಚಬಹುದು, ಬ್ರ್ಯಾಂಡ್ ಹೆಸರಿಲ್ಲದೆ ಮಾರಲೂಬಹುದು ಅನ್ನುತ್ತದೆ. 2019ರಲ್ಲಿ ಗುಜರಾತಿನ ಆಲೂಗಡ್ಡೆ ರೈತರ ಮೇಲೆ ಪೆಪ್ಸಿಕೋ ದಾವೆ ಹೂಡಿ, ದೊಡ್ಡ ಗದ್ದಲವಾದ ಮೇಲೆ ಹಿಂದಕ್ಕೆ ತಗೊಂಡಿತ್ತು ನೆನಪಿದೆಯಲ್ಲ? ಆಗ ರೈತರ ಪರ ಎಲ್ಲರೂ ಹಿಡಿದದ್ದು ಇದೇ ಕಲಂ. ನಾನೂ ಆಗ ಫೇಸ್‌ಬುಕ್ಕಿನಲ್ಲಿ ಜೋರಾಗಿಯೇ ಬರೆದಿದ್ದೆ. ಹಂಚಿಕೊಳ್ಳುವ ಹಕ್ಕಿನ ಪರ ಅಷ್ಟು ಕೂಗಿದವನು ಈಗ ಸ್ವಂತ ಕಾಕಾಗೆ ಸಸಿ ಕೊಡಲು ಹಿಂದೆಮುಂದೆ ನೋಡುವುದು ಹೇಗೆ?

ಎರಡನೆಯದು ನನ್ನ ನಿಜವಾದ ಹೆದರಿಕೆ. ಬಾಟಲಿಯೊಳಗೆ ಸಸಿ ಹಸಿರಾಗಿ, ಚೊಕ್ಕಾಗಿ ಕಾಣ್ತದೆ. ಹಾಗೆ ಕಂಡ ಮಾತ್ರಕ್ಕೆ ಅದು ಶುದ್ಧ ಅಲ್ಲ. ವೈರಸ್ ಇದ್ದರೆ ಅಗಾರಿನಲ್ಲಿ ಕಾಣೋದಿಲ್ಲ, ಕೆಲವು ಬ್ಯಾಕ್ಟೀರಿಯಾ ಗಿಡದೊಳಗೆ ತಿಂಗಳುಗಟ್ಟಲೆ ಸುಮ್ಮನೆ ಕೂತಿರುತ್ತವೆ. ದೊಡ್ಡ ಲ್ಯಾಬುಗಳಿಗೆ ಇದಕ್ಕಾಗಿಯೇ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2006ರಿಂದ ಪ್ರಮಾಣಪತ್ರದ ವ್ಯವಸ್ಥೆ ಮಾಡಿದೆ: ವೈರಸ್ ಪರೀಕ್ಷೆ, ತಾಯಿಗಿಡದ ತದ್ರೂಪವೇ ಹೌದೋ ಅಲ್ಲವೋ ಅನ್ನುವ ಪರೀಕ್ಷೆ. ನನ್ನ ಹತ್ತಿರ ಇರೋದು ಕುಕ್ಕರ್. ಇನ್ನೂ ಒಂದು ಇದೆ. ಬಾಟಲಿಯಲ್ಲಿ ಹಾರ್ಮೋನು ಕೊಟ್ಟು ಹೆಚ್ಚಿಸುತ್ತ ಹೋದಂತೆ ಕೆಲವು ಸಸಿಗಳು ಒಳಗೊಳಗೇ ಬದಲಾಗುತ್ತವೆ. 1980ರ ದಶಕದಲ್ಲಿ ಮಲೇಷ್ಯಾದ ಎಣ್ಣೆ ತಾಳೆಯಲ್ಲಿ ಇದೇ ಆಯ್ತು. ಟಿಶ್ಯೂ ಸಸಿಗಳು ಎಲ್ಲ ಮರಗಳಂತೆಯೇ ಬೆಳೆದವು, ಹೂ ಬಿಡುವ ವರ್ಷ ಬಂದಾಗ ಹಲವು ಮರಗಳಲ್ಲಿ ಹೂ ವಿಕಾರ, ಹಣ್ಣು ಕೆಲಸಕ್ಕೆ ಬಾರದ್ದು. ಕಾರಣ ಗೊತ್ತಾಗಿದ್ದು 2015ರಲ್ಲಿ. ಡಿಎನ್‌ಎಯ ಅಕ್ಷರ ಒಂದೂ ಬದಲಾಗಿರಲಿಲ್ಲ, ಅದರ ಮೇಲಿನ ಒಂದು ರಾಸಾಯನಿಕ ಗುರುತು ಅಳಿಸಿಹೋಗಿತ್ತು. ವರ್ಷಗಟ್ಟಲೆ ನೀರು, ಗೊಬ್ಬರ, ಆಳು. ಕೊನೆಗೆ ಕೊಡಲಿ.

ಇದನ್ನೆಲ್ಲ ಕಾಕಾಗೆ ಹೇಳಿದೆ. ಅವರು ಎಲೆಅಡಿಕೆ ಒಂದು ಕಡೆ ಸರಿಸಿ ನಕ್ಕರು. "ದ್ರಾಕ್ಷಿ ಹಚ್ಚಿದಾವಗ ರಿಸ್ಕ್ ಅಂದ್ರ ಏನಂತ ಹೇಳಾಕ ಬಂದೀಯಲ್ಲೋ! ಹೂ ಬಿಡೂ ಟೈಮಿಗೆ ಆಣಿಕಲ್ಲು ಮಳಿ ಬಿದ್ದಿದ್ದು ನೋಡೇನಿ. ಲ್ಯಾಬಿನಾಂವ ಏನು ಗ್ಯಾರಂಟಿ ಬರದು ಕೊಡ್ತಾನ? ಬಿಲ್ಲಿನ ಹಿಂದ ಸಣ್ಣ ಅಕ್ಷರದಾಗ ಏನೇನೋ ಇರ್ತದ."

ಇಲ್ಲಿ ನಾನು ಸೋತೆ ಅಂತಲೇ ಅನ್ನಿ. ನಮ್ಮಂಥ ಓದಿದ ಮಂದಿಗೆ ಒಂದು ಚಾಳಿ ಇದೆ: ರೈತನ ಒಳ್ಳೆಯದಕ್ಕೆ ಅಂತ ಅವನ ಪರವಾಗಿ ನಾವೇ ಬೇಡ ಅನ್ನೋದು. ನಾವು ಮ್ಯೂಚುವಲ್ ಫಂಡಿಗೆ ಸಹಿ ಹಾಕುವಾಗ ಓದದ ಷರತ್ತನ್ನು ಅವರು ಓದಬೇಕು ಅಂತೀವಿ. ಕಾಕಾ ಬೆಳೆದ ಮನುಷ್ಯ. ನಾನು ಮುಚ್ಚುಮರೆ ಮಾಡದೆ ಹೇಳಿದ್ದೀನಿ, ಅವರು ತಿಳಿದೇ ಒಪ್ಪಿದ್ದಾರೆ. ಗಿಡವೂ ಅವರದೇ ಹೊಲದ್ದು, ಹೊಸ ರೋಗವೇನೂ ಹೊರಗಿಂದ ಬರಲ್ಲ. ಇನ್ನೇನು ಬೇಕು?

ಉತ್ತರ ಸಿಕ್ಕಿದ್ದು ಅವರು ಹೋಗುವಾಗ ಹೇಳಿದ ಒಂದು ಮಾತಿನಲ್ಲಿ. "ಬಬಲೇಶ್ವರದ ಬೀಗರಿಗೂ ಒಂದ ನೂರು ಬೇಕಾಗ್ತಾವ. ನಮ್ಮ ಹುಡುಗ ಮಾಡ್ಯಾನ ಅಂತ ಹೇಳೇನಿ."

ಆ ಬೀಗರು ನನ್ನ ಜೊತೆ ಮಾತಾಡಿಲ್ಲ. ತಾಳೆ ಮರದ ಕತೆ ಕೇಳಿಲ್ಲ. ಮೂಲೆಯ ಆ ಗಿಡವನ್ನು ನೋಡಿಯೂ ಇಲ್ಲ. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆ ಬರ್ತಾಳೆ ಅನ್ನೋ ಭರವಸೆಯ ಮೇಲೆ ಆ ಭಾಗದಲ್ಲಿ ಎಷ್ಟೋ ಜನ ಹೊಸ ತೋಟ ಮಾಡ್ತಿದ್ದಾರೆ. ಅವರು ನಂಬುತ್ತಿರೋದು ಸಸಿಯನ್ನಲ್ಲ, ಕಾಕಾನನ್ನು. ಕಾಕಾ ನಂಬಿರೋದು ನನ್ನನ್ನು. ನನ್ನ ಕೈಯಲ್ಲಿ ಇರೋದು ಸಸಿಯ ಬಗ್ಗೆ ಅರ್ಧ ತಿಳಿವಳಿಕೆ. ಎಚ್ಚರಿಕೆಯ ಮಾತು ಮೊದಲ ಮನೆಯಲ್ಲೇ ಉಳೀತದೆ, ಸಸಿ ಮಾತ್ರ ಮುಂದೆ ಹೋಗ್ತದೆ. ಮುಂದೆ ಹೋದ ಕಡೆ ರೋಗ ಇದ್ದರೆ ಅದು ಬದುವಿನ ಹತ್ತಿರ ನಿಲ್ಲೋದಿಲ್ಲ; ಗಾಳಿ ಮಳೆಯ ಹನಿಯಲ್ಲಿ ಹಾರಿ ಪಕ್ಕದವನ ಹೊಲಕ್ಕೂ ದಾಟುತ್ತದೆ. ಆ ಪಕ್ಕದವನ ಒಪ್ಪಿಗೆ ಯಾರು ಕೇಳಿದ್ದಾರೆ?

ಹಾಗಾದರೆ ಗೂಟಿ ಕೊಡುವ ನೆರೆಯವನೂ ತಪ್ಪಿತಸ್ಥನೇ? ಅಲ್ಲ ಅನಿಸುತ್ತದೆ. ಗೂಟಿ ಕೊಡುವವನ ತೋಟಕ್ಕೆ ಹೋಗಿ ತಾಯಿಗಿಡ ನೋಡಬಹುದು, ಹಣ್ಣು ತಿನ್ನಬಹುದು, ಹೋದ ವರ್ಷ ಹೇಗಿತ್ತು ಅಂತ ಕೂಲಿಯಾಳನ್ನು ಕೇಳಬಹುದು. ಒಂದು ಗಿಡದಿಂದ ಕಟ್ಟಬಹುದಾದ ಗೂಟಿಗಳೂ ಕೆಲವೇ. ತಪ್ಪು ಹರಡಿದರೂ ನಡೆದುಕೊಂಡು ಹರಡುತ್ತದೆ. ಬಾಟಲಿಯಲ್ಲಿ ಒಂದು ತುದಿ ತಿಂಗಳಿಗೆ ಮೂರು ಪಟ್ಟು ಆದರೂ ಆರು ತಿಂಗಳಿಗೆ 729. ಅದೇ ತಪ್ಪು ಲಾರಿ ಹತ್ತಿ ಹೋಗುತ್ತದೆ. ಜೊತೆಗೆ "ಟಿಶ್ಯೂ" ಅನ್ನೋ ಹೆಸರಿಗೇ ಈಗ ಒಂದು ಮರ್ಯಾದೆ ಇದೆ. ಆ ಮರ್ಯಾದೆಯನ್ನು ಪರೀಕ್ಷೆ ಮಾಡಿಸಿದ ಲ್ಯಾಬುಗಳು ಗಳಿಸಿದ್ದು. ಅದನ್ನು ನನ್ನ ಜಾಮ್ ಬಾಟಲಿಗೆ ಅಂಟಿಸಿಕೊಳ್ಳೋದು, ಒಂದು ಪೈಸೆ ತಗೊಳ್ಳದಿದ್ದರೂ, ಇನ್ನೊಬ್ಬರ ಸಹಿ ಹಾಕಿದ ಹಾಗೆ. ಮಾರಿದವನ ಹತ್ತಿರ ಬಿಲ್ಲು ಹಿಡಿದುಕೊಂಡು ಗ್ರಾಹಕರ ವೇದಿಕೆಗಾದರೂ ಹೋಗಬಹುದು. ಪುಕ್ಕಟೆ ಕೊಟ್ಟವನ ಹತ್ತಿರ ಏನಂತ ಹೋಗ್ತೀರಿ? ಅವನು ಮದುವೆ ಮನೆಯಲ್ಲಿ ಎದುರಿಗೆ ಸಿಕ್ಕರೆ ಚಹಾ ಕುಡಿದೇ ಬರಬೇಕು.

ಕಾಕಾಗೆ ಫೋನ್ ಮಾಡಿ ನನ್ನ ಲೆಕ್ಕ ಹೇಳಿದೆ: ಹನ್ನೆರಡು ಸಸಿ. ನಿಮ್ಮದೇ ಹೊಲದಲ್ಲಿ, ಅದೇ ಮೂಲೆಯಲ್ಲಿ, ಗುರುತು ಹಾಕಿ. ಎರಡು ಫಸಲು ನೋಡೋವರೆಗೆ ಒಂದು ಕಡ್ಡಿಯೂ ಹೊರಗೆ ಹೋಗಬಾರದು, ಬೀಗರಿಗೂ. ಅತ್ತ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ನಾಕ ವರ್ಷ ಅಂದಂಗಾತು. ಅಷ್ಟೊತ್ತಿಗೆ ನಾ ಇರ್ತೇನೋ ಇಲ್ಲೋ."

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಅರವತ್ತು ದಾಟಿದ ರೈತನಿಗೆ ನಾಲ್ಕು ವರ್ಷ ಅಂದರೆ ನನ್ನ ನಾಲ್ಕು ವರ್ಷ ಅಲ್ಲ. ಎಚ್ಚರಿಕೆಗೂ ಒಂದು ಬೆಲೆ ಇದೆ, ಅದನ್ನು ಕೊಡುತ್ತಿರೋದು ನಾನಲ್ಲ, ಅವರು.

ಮೃಗಶಿರಾ ಮಳೆಯ ಹೊತ್ತಿಗೆ ಕಾಕಾ ಪ್ರಮಾಣಪತ್ರ ಇರುವ ಲ್ಯಾಬಿನಿಂದ ಒಂದು ಎಕರೆಗೆ ಸಸಿ ತರಿಸಿ ಹಚ್ಚಿದರು, ಬೀಗರೂ ಅಲ್ಲಿಂದಲೇ ತರಿಸಿದರು. ಮೂಲೆಯ ಗಿಡದ ತುದಿಗಳು ನನ್ನ ಕಪಾಟಿನಲ್ಲಿವೆ. ಇಪ್ಪತ್ತು ಬಾಟಲಿಯಲ್ಲಿ ಎಂಟು ಕಂದಾಗಿ ಸತ್ತವು, ಐದಕ್ಕೆ ಬೂಸ್ಟು ಹತ್ತಿತು, ಏಳು ಹಸಿರಾಗಿವೆ. ನಾಲ್ಕು ವಾರಕ್ಕೊಮ್ಮೆ ಬಾಟಲಿ ಬದಲಿಸುವ ದಿನ ಕಾಕಾ ಫೋನ್ ಮಾಡ್ತಾರೆ. ಮೊದಲು ಮಳೆ ಕೇಳ್ತಾರೆ, ಆಮೇಲೆ ಮಕ್ಕಳನ್ನು, ಕೊನೆಗೆ, "ಎಷ್ಟ ಉಳದಾವ?"